ಆಕಾಶದಿಂದ ಕಂಡ ಗುಳಿಗಳು

ಶಿವಮೊಗ್ಗ ನಗರದಲ್ಲಿ, ತುಂಗಾ ನದಿಯ ಮಗ್ಗುಲಲ್ಲಿ, ಕೋಟೆ ಎಂಬ ಭಾಗವೊಂದಿದೆ. ಕೋಟೆ ರಸ್ತೆ, ಕೋಟೆ ಆಂಜನೇಯನ ಗುಡಿ, ಕೋಟೆ ಮಾರಿಕಾಂಬೆಯ ಗುಡಿ ಎಂದು ಅಲ್ಲಿ ಎಲ್ಲಕ್ಕೂ ಕೋಟೆಯ ಹೆಸರೇ. ಆದರೆ ಹೊಸದಾಗಿ ಊರಿಗೆ ಬಂದವನು ‘ಕೋಟೆ ಎಲ್ಲಿದೆ?’ ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಹೆಸರು ಉಳಿದಿದೆ, ಗೋಡೆ ಬಹುಮಟ್ಟಿಗೆ ಉಳಿದಿಲ್ಲ. ಅಂಗಡಿ, ಮನೆ, ಬೀದಿಗಳು ಅದರ ಜಾಗವನ್ನು ತುಂಬಿವೆ. ಒಂದು ಕಾಲದಲ್ಲಿ ಇಲ್ಲಿ ಫಿರಂಗಿಗಳು ಗುಡುಗಿದ್ದವೆಂದು ಹೇಳಿದರೆ, ಸಂತೆಯ ಚೀಲ ಹಿಡಿದು ಹೋಗುವವರು ನಂಬದೆ ಇದ್ದಾರು.

ಗುಡುಗಿದ್ದು ನಿಜ. 1791ರ ಡಿಸೆಂಬರ್ ತಿಂಗಳಲ್ಲಿ ಮರಾಠರ ಪರಶುರಾಮ ಭಾವೂವಿನ ದಂಡೂ, ಅದರ ಜೊತೆಗಿದ್ದ ಕ್ಯಾಪ್ಟನ್ ಲಿಟಲ್ ಎಂಬವನ ಇಂಗ್ಲಿಷ್ ತುಕಡಿಯೂ ಟಿಪ್ಪು ಸುಲ್ತಾನನ ಅಧೀನದಲ್ಲಿದ್ದ ಈ ಕೋಟೆಯ ಮೇಲೆ ಏರಿ ಬಂದವು. ಟಿಪ್ಪುವಿನ ದಂಡನಾಯಕ ರೆಜಾ ಸಾಹೇಬನು ಕೋಟೆಯೊಳಗೆ ಕುಳಿತುಕೊಳ್ಳದೆ, ಮುತ್ತಿಗೆ ಹಾಕುವವರನ್ನು ಹಿಂದಿನಿಂದ ಹೊಡೆಯಬೇಕೆಂದು ಹೊಳೆಗೂ ಕಾಡಿಗೂ ನಡುವೆ ಬೀಡುಬಿಟ್ಟಿದ್ದನು. ಡಿಸೆಂಬರ್ 29ರಂದು ಅಲ್ಲಿ ಘೋರವಾದ ಕಾಳಗವಾಯಿತು. ಆ ದಿನ ಗಾಜನೂರಿನ ಬಳಿ ಗಾಯಗೊಂಡ ಎಡ್ವರ್ಡ್ ಮೂರ್ ಎಂಬ ಇಪ್ಪತ್ತರ ತರುಣ ಅಧಿಕಾರಿಯು ಮುಂದೆ 1794ರಲ್ಲಿ ಆ ದಂಡಯಾತ್ರೆಯ ವೃತ್ತಾಂತವನ್ನು ಪ್ರಕಟಿಸಿದನು. (ಇದೇ ಮೂರ್ 1810ರಲ್ಲಿ ಹಿಂದೂ ದೇವತೆಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನು ಹೊರತಂದನೆಂಬುದು ಸೋಜಿಗದ ಸಂಗತಿ.) ರೆಜಾ ಸಾಹೇಬನ ಸೈನ್ಯ ಚದುರಿತು. 1792ರ ಜನವರಿಯ ಮೊದಲ ದಿನಗಳಲ್ಲಿಯೇ ಕೋಟೆ ಶರಣಾಯಿತು.

ಇಷ್ಟೆಲ್ಲ ನಡೆದ ನೆಲದಲ್ಲಿ ಈಗ ಕಾಣುವುದೇನು? ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಅಣೆಕಟ್ಟು ಕಾಣುತ್ತದೆ, ನಾಲೆ ಕಾಣುತ್ತದೆ, ಗದ್ದೆ ತೋಟಗಳು ಕಾಣುತ್ತವೆ. ಕಾಳಗದ ಗುರುತು ಕಾಣುವುದಿಲ್ಲ. ಅದಕ್ಕೆ ಕಾರಣವುಂಟು. ಆ ಕಾಲದ ಫಿರಂಗಿಯ ಗುಂಡು ಬಹುಮಟ್ಟಿಗೆ ಕಬ್ಬಿಣದ ಗಟ್ಟಿ ಉಂಡೆ. ಅದು ಗೋಡೆಯನ್ನು ಒಡೆಯುತ್ತಿತ್ತು, ಮನುಷ್ಯನನ್ನು ಕೆಡಹುತ್ತಿತ್ತು. ಆದರೆ ಹೊಲಕ್ಕೆ ಬಿದ್ದಾಗ ಮಣ್ಣನ್ನು ಕೆರೆದುಕೊಂಡು ಹೋಗಿ ನಿಲ್ಲುತ್ತಿತ್ತು, ಅಷ್ಟೆ. ರೈತನ ನೇಗಿಲು ಎರಡು ಬೇಸಾಯಗಳಲ್ಲಿ ಅಂಥ ಗಾಯವನ್ನು ಮುಚ್ಚಿಬಿಡುತ್ತದೆ. ಮಲೆನಾಡಿನ ಮಳೆಗಾದರೆ ಒಂದೇ ಮಳೆಗಾಲ ಸಾಕು.

ಆದರೂ ನೆಲ ಎಲ್ಲವನ್ನೂ ನುಂಗಿ ಸುಮ್ಮನಿರುವುದಿಲ್ಲ. ಇದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರವೆಂಬ ಊರು ಹಿಂದೆ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಅದು ಹೈದರಾಲಿಯ ವಶವಾಯಿತು. ಅಲ್ಲಿಯ ಒಂದು ಹಾಳು ಬಾವಿಯಿಂದ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು. ತುಕ್ಕು ಹಿಡಿದ ಆ ಕೊಳವೆಗಳು ಟಿಪ್ಪುವಿನ ಕಾಲದ ಯುದ್ಧದ ರಾಕೆಟ್ಟುಗಳೆಂದು ಗುರುತು ಸಿಗಲು ಕೆಲವು ವರ್ಷಗಳೇ ಹಿಡಿದವು. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಮತ್ತೆ ಅಗೆದರು. ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಅದೇ ಅವರಿಗೆ ದಾರಿ ತೋರಿತು. ಮೂರು ದಿನದ ಕೆಲಸದಲ್ಲಿ ಒಂದು ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳು ದೊರೆತವು. ಅವುಗಳನ್ನು ತಂದಿರಿಸಿದ್ದು ಶಿವಮೊಗ್ಗದ ಕೋಟೆಯಲ್ಲಿ, ಶಿವಪ್ಪನಾಯಕನ ಹೆಸರಿನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಅರಮನೆಯ ಅಂಗಳದಲ್ಲಿ ವೀರಗಲ್ಲುಗಳ ಸಾಲು. ಒಳಗೆ ಎಂದೂ ಹಾರದೆ ಉಳಿದ ಬಾಣಗಳು. ಎರಡು ಶತಮಾನಗಳಿಗೂ ಹೆಚ್ಚು ಕಾಲ ಅವು ಕೆಸರಿನಲ್ಲಿ ಮಲಗಿದ್ದವು. ಅವುಗಳ ಮೇಲೆ ಜನ ನಡೆದಾಡಿದ್ದರು, ದನ ಮೇಯಿಸಿದ್ದರು. ಇದ್ದಿಲು ಮತ್ತು ಪೆಟ್ಲುಪ್ಪಿನ ಮದ್ದು ನೀರು ಕುಡಿದು ಸತ್ತುಹೋಗಿತ್ತೆಂಬುದು ಅವರ ಪುಣ್ಯ.

ಎಲ್ಲ ನಾಡಿನ ಜನರಿಗೂ ಆ ಪುಣ್ಯವಿಲ್ಲ. ಇಪ್ಪತ್ತನೆಯ ಶತಮಾನದ ಮದ್ದು ಅಷ್ಟು ಸುಲಭವಾಗಿ ಸಾಯುವಂಥದಲ್ಲ. ವಿಮಾನದಿಂದ ಬಿದ್ದ ಬಾಂಬುಗಳಲ್ಲಿ ಸಿಡಿದವು ಕೆಲವು, ಸಿಡಿಯದೆ ಮಣ್ಣಿನಲ್ಲಿ ಹುಗಿದುಹೋದವು ಕೆಲವು. ಸಿಡಿದದ್ದು ಎಲ್ಲಿ, ಸಿಡಿಯದೆ ಉಳಿದದ್ದು ಎಲ್ಲಿ ಎಂದು ಕಂಡುಹಿಡಿಯಲು ಬಾವಿಯ ಕೆಸರನ್ನು ಮೂಸಿನೋಡಿದರೆ ಸಾಲದು. ಅದಕ್ಕೆ ಆಕಾಶದಿಂದ ತೆಗೆದ ಚಿತ್ರಗಳು ಬೇಕಾದವು.

ಮನೆಯ ಮುಂದೆ ಬರೆದ ರಂಗೋಲಿಯ ಮೇಲೆ ಇರುವೆಯೊಂದು ಹರಿದುಹೋಗುತ್ತದೆ. ಅದಕ್ಕೆ ಕಾಣುವುದು ಬಿಳಿಯ ಪುಡಿಯ ಒಂದು ದಿಬ್ಬ, ಆಮೇಲೆ ಒದ್ದೆ ನೆಲ, ಮತ್ತೆ ಒಂದು ದಿಬ್ಬ. ತಾನು ಒಂದು ತಾವರೆಯ ದಳದಿಂದ ಇನ್ನೊಂದು ದಳಕ್ಕೆ ದಾಟಿದೆನೆಂದು ಅದಕ್ಕೆ ತಿಳಿಯುವ ಬಗೆಯೆಂತು? ಬಾಗಿಲಲ್ಲಿ ನಿಂತ ಮಗುವಿಗೆ ಮಾತ್ರ ಒಂದೇ ನೋಟಕ್ಕೆ ತಾವರೆ ಕಾಣುತ್ತದೆ. ನೆಲದ ಮೇಲೆ ನಡೆಯುವ ಮನುಷ್ಯನು ಬಹುಕಾಲ ಇರುವೆಯ ಸ್ಥಿತಿಯಲ್ಲಿಯೇ ಇದ್ದನು. ವಿಮಾನವೂ ಕ್ಯಾಮರಾವೂ ಕೂಡಿದ ಮೇಲೆ ಅವನಿಗೆ ಬಾಗಿಲಲ್ಲಿ ನಿಂತ ಮಗುವಿನ ನೋಟ ದೊರಕಿತು.

ಆ ನೋಟವನ್ನು ಅವನು ಮೊದಲು ಬಳಸಿಕೊಂಡದ್ದು ಕಾದಾಟಕ್ಕೆ ಎಂಬುದನ್ನು ಮರೆಮಾಚಿ ಫಲವಿಲ್ಲ. 1915ರ ಮಾರ್ಚ್ ತಿಂಗಳಲ್ಲಿ ಫ್ರಾನ್ಸಿನ ನವ್ ಶಪೆಲ್ ಎಂಬ ಹಳ್ಳಿಯ ಬಳಿ ಬ್ರಿಟಿಷರು ಜರ್ಮನರ ಮೇಲೆ ದಾಳಿಯಿಟ್ಟರು. ಅದಕ್ಕೆ ಮುಂಚೆ ಜರ್ಮನರ ಕಂದಕಗಳನ್ನೆಲ್ಲ ಮೇಲಿನಿಂದ ಚಿತ್ರ ತೆಗೆದು, ಆ ಚಿತ್ರಗಳಿಂದ ನಕ್ಷೆ ಮಾಡಿ ಅಧಿಕಾರಿಗಳ ಕೈಗೆ ಕೊಟ್ಟಿದ್ದರು. ಅಂದು ಮುನ್ನುಗ್ಗಿದ ಸೈನಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಭಾರತದಿಂದ ಹೋದವರು. ಫ್ರಾನ್ಸ್ ಮತ್ತು ಬೆಲ್ಜಿಯಂಗಳ ರಣರಂಗದಲ್ಲಿ ಮಡಿದು, ಸಮಾಧಿಯ ಗುರುತೂ ಇಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಆ ಹಳ್ಳಿಯ ಸ್ಮಾರಕದಲ್ಲಿ ಕೊರೆದಿದ್ದಾರೆ. ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಶಾಂತಿಯ ಕೆಲಸಕ್ಕೂ ಬಂತು. ಇಂಗ್ಲೆಂಡಿನ ಕ್ರಾಫರ್ಡ್ ಎಂಬ ವಿದ್ವಾಂಸನು ಸೇನೆಯ ಚಿತ್ರಗಳನ್ನು ನೋಡುತ್ತ, ಸಾವಿರಾರು ವರ್ಷಗಳ ಹಿಂದೆ ತೋಡಿ ಮುಚ್ಚಿಹೋದ ಅಗಳುಗಳನ್ನು ಬೆಳೆಯ ಬಣ್ಣದಿಂದಲೇ ಗುರುತಿಸಿದನು. ಅಗಳು ತುಂಬಿದ ಕಡೆ ಮಣ್ಣು ಆಳ, ತೇವ ಹೆಚ್ಚು. ಅಲ್ಲಿಯ ಪೈರು ಸುತ್ತಲಿನದಕ್ಕಿಂತ ಎತ್ತರವಾಗಿ, ಹಸುರಾಗಿ ನಿಲ್ಲುತ್ತದೆ. ಒಮ್ಮೆ ಅಗೆದ ನೆಲ ಮತ್ತೆ ಅಗೆಯದ ನೆಲದಂತೆ ಆಗುವುದಿಲ್ಲ. ಬಾಂಬಿನ ಗುಳಿಗಳನ್ನು ಹುಡುಕುವವರಿಗೆ ಇದೇ ಆಧಾರ.

ಬಾಂಬು ನೆಲಕ್ಕೆ ಬಡಿದು ಸಿಡಿದಾಗ ಮಣ್ಣು ಎಲ್ಲ ದಿಕ್ಕಿಗೂ ಒಂದೇ ಸಮನೆ ಎರಚಿ ಹೋಗುತ್ತದೆ. ನಡುವೆ ಬಟ್ಟಲಿನಂಥ ಗುಳಿ, ಅಂಚಿನಲ್ಲಿ ಎದ್ದ ಮಣ್ಣಿನ ಬಳೆ, ಅದರಾಚೆಗೆ ಹೂವಿನ ಎಸಳುಗಳಂತೆ ಚೆಲ್ಲಿದ ಒಳಮಣ್ಣು. ಒಳಮಣ್ಣಿನ ಬಣ್ಣ ಮೇಲ್ಮಣ್ಣಿಗಿಂತ ಬೇರೆಯಾದ್ದರಿಂದ ಹೊಸ ಗುಳಿಯು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹಳೆಯದಾದಂತೆ ಹುಲ್ಲು ಹಬ್ಬುತ್ತದೆ, ಅಂಚು ಕುಸಿಯುತ್ತದೆ, ನೀರು ನಿಲ್ಲುತ್ತದೆ. ಆಗ ಅದು ಕರಿಯ ಚುಕ್ಕೆ. ಒಂದೇ ವಿಮಾನದಿಂದ ಒಂದರ ಹಿಂದೊಂದು ಬಿಟ್ಟ ಬಾಂಬುಗಳು ನೆಲದ ಮೇಲೆ ಸಾಲಾಗಿ ಬೀಳುತ್ತವೆ. ಆದಕಾರಣ ಚಿತ್ರವನ್ನು ಓದುವವನು ಒಂಟಿ ಗುಳಿಗಿಂತ ಗುಳಿಗಳ ಸಾಲನ್ನು ಹೆಚ್ಚು ನಂಬುತ್ತಾನೆ. ಸಾಲಿನಲ್ಲಿ ಐದು ಗುಳಿಗಳು ಸಮನಾದ ಅಂತರದಲ್ಲಿದ್ದು, ಆರನೆಯದು ಇರಬೇಕಾದ ಸ್ಥಳ ಬರಿದಾಗಿದ್ದರೆ ಅವನ ಎದೆ ಝಲ್ಲೆನ್ನುತ್ತದೆ. ಆ ಬರಿದಾದ ಸ್ಥಳವೇ ಅಪಾಯದ ಸ್ಥಳ.

ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಸಾಧಾರಣ ಗಾತ್ರದ ಬಾಂಬಿನ ಗುಳಿ ಹತ್ತು ಮೀಟರಿನ ಆಸುಪಾಸು ಅಗಲವಾಗಿರುತ್ತದೆ. ಚಿತ್ರವು ನೆಲದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟಿದ್ದರೆ, ಆ ಗುಳಿ ಅದರಲ್ಲಿ ಒಂದು ಮಿಲಿಮೀಟರು, ಎಂದರೆ ಒಂದು ಸಣ್ಣ ಸಾಸಿವೆ ಕಾಳು. ಸಿಡಿಯದ ಬಾಂಬು ನೆಲಕ್ಕೆ ಹೊಕ್ಕ ತೂತಾದರೋ ಅರ್ಧ ಮೀಟರಿನಷ್ಟೇ. ಚಿತ್ರದಲ್ಲಿ ಅದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿರಲಾರದು. ಮಸೂರವನ್ನು ಹಿಡಿದು ಗಂಟೆಗಟ್ಟಲೆ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮೆಡ್‌ಮೆನ್‌ಹ್ಯಾಮ್ ಎಂಬಲ್ಲಿ ಈ ಕೆಲಸಕ್ಕೆಂದು ಕುಳಿತವರಲ್ಲಿ ಹೆಂಗಸರು ಬಹು ಮಂದಿ. ಅವರಲ್ಲೊಬ್ಬರಾದ ಕಾನ್‌ಸ್ಟೆನ್ಸ್ ಬ್ಯಾಬಿಂಗ್ಟನ್ ಸ್ಮಿತ್ 1943ರ ಕೊನೆಯಲ್ಲಿ, ಜರ್ಮನಿಯ ಪೀನೆಮ್ಯುಂಡೆಯ ಒಂದು ಚಿತ್ರದಲ್ಲಿ ಸುಮಾರು ಒಂದು ಮಿಲಿಮೀಟರಿನಷ್ಟಿದ್ದ ಶಿಲುಬೆಯಂಥ ಗುರುತನ್ನು ಕಂಡು, ಅದು ಚಾಲಕನಿಲ್ಲದೆ ಹಾರುವ ಬಾಂಬೆಂದು ತೋರಿಸಿಕೊಟ್ಟರು.

ಈ ಓದಿನಲ್ಲಿ ಕಣ್ಣಿಗೆ ಮೋಸವಾಗುವುದೂ ಉಂಟು. ಬಿಸಿಲು ಒಂದು ಕಡೆಯಿಂದ ಬೀಳುವಾಗ ಗುಳಿಯಲ್ಲಿ ಸೂರ್ಯನ ಕಡೆಯ ಗೋಡೆ ನೆರಳಿನಲ್ಲಿರುತ್ತದೆ, ಆಚೆಯ ಗೋಡೆ ಬೆಳಗುತ್ತದೆ. ದಿಬ್ಬದಲ್ಲಿ ಇದಕ್ಕೆ ತಿರುಗುಮುರುಗು. ಮನುಷ್ಯನ ಕಣ್ಣು ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆಂದು ನಂಬಿಕೊಂಡಿದೆ. ಹೀಗಾಗಿ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ಗುಳಿಗಳೆಲ್ಲ ದಿಬ್ಬಗಳಾಗಿ ಕಾಣುತ್ತವೆ! ಚಂದ್ರನ ಮೇಲ್ಮೈಯ ಚಿತ್ರವೊಂದು ಸಿಕ್ಕಿದರೆ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಬಲ್ಲವರು ಚಿತ್ರವನ್ನು ತಿರುಗಿಸಿ, ನೆರಳು ತಮ್ಮ ಕಡೆಗೆ ಬೀಳುವಂತೆ ಇಟ್ಟುಕೊಳ್ಳುತ್ತಾರೆ. ಅದೂ ಸಾಲದೆ, ವಿಮಾನ ಮುಂದೆ ಸಾಗುತ್ತಿರುವಾಗ ಒಂದೇ ನೆಲವನ್ನು ಎರಡು ಸ್ಥಾನಗಳಿಂದ ತೆಗೆದ ಜೋಡಿ ಚಿತ್ರಗಳನ್ನು ಎರಡು ಮಸೂರಗಳ ಕೆಳಗೆ ಇಟ್ಟು ನೋಡುತ್ತಾರೆ. ಆಗ ಎರಡು ಕಣ್ಣಿಗೆ ಎರಡು ಚಿತ್ರ ಬಿದ್ದು, ಚಪ್ಪಟೆಯ ಕಾಗದದಿಂದ ಮನೆ ಮರಗಳು ಮೇಲೇಳುತ್ತವೆ, ಗುಳಿಗಳು ಕೆಳಗಿಳಿಯುತ್ತವೆ.

ಇನ್ನು, ನೆಲದಲ್ಲಿರುವ ಹಳ್ಳಗಳೆಲ್ಲ ಬಾಂಬಿನಿಂದಲೇ ಆದವಲ್ಲವಷ್ಟೆ. ಇಲ್ಲಿ ಮಲೆನಾಡಿನ ಮಕ್ಕಳು ಯಾವ ಪರದೇಶದ ತಜ್ಞನಿಗೂ ಪಾಠ ಹೇಳಬಲ್ಲರು. ಶಿವಮೊಗ್ಗದ ಸುತ್ತಣ ನೆಲವನ್ನು ಮೇಲಿನಿಂದ ನೋಡಿದರೆ ಎಷ್ಟೊಂದು ಗುಂಡನೆಯ ಗುರುತುಗಳು! 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ನೋಟ ಸಾಮಾನ್ಯ ಪ್ರಯಾಣಿಕರಿಗೂ ದೊರೆತಿದೆ. ಆ ಗುರುತುಗಳಲ್ಲಿ ಹೆಚ್ಚಿನವು ಕೆರೆಗಳು. ಕೆರೆಯು ಎಂದೂ ಪೂರ್ತಿ ದುಂಡಗಿರುವುದಿಲ್ಲ. ಒಂದು ಪಕ್ಕದಲ್ಲಿ ಏರಿಯ ಗೆರೆ ಎದ್ದು ಕಾಣುತ್ತದೆ. ಎದುರು ಪಕ್ಕದಲ್ಲಿ ನೀರು ಬೆರಳುಗಳಂತೆ ಹಳ್ಳಗಳ ಕಡೆಗೆ ಚಾಚಿರುತ್ತದೆ. ಏರಿಯ ಕೆಳಗೆ ಗದ್ದೆಯ ಹಸುರು. ಒಂದು ಮೂಲೆಯಲ್ಲಿ ಕೋಡಿ. ಜಂಬಿಟ್ಟಿಗೆ ಕಲ್ಲು ಕಡಿದ ಗುಂಡಿ ಚೌಕಾಕಾರ, ಅದರ ಗೋಡೆ ಮೆಟ್ಟಿಲು ಮೆಟ್ಟಿಲು. ಗಾಡಿಯ ದಾರಿಯೊಂದು ಅದರೊಳಕ್ಕೆ ಇಳಿದೇ ಇರುತ್ತದೆ. ಮನುಷ್ಯ ತೋಡಿದ ಗುಂಡಿಗೆ ದಾರಿಯಿರುತ್ತದೆ, ತೋಡಿದ ಮಣ್ಣು ಒಂದೇ ಕಡೆ ರಾಶಿ ಬಿದ್ದಿರುತ್ತದೆ. ಬಾಂಬಿನ ಗುಳಿಗೆ ದಾರಿಯಿಲ್ಲ. ಅಲ್ಲಿಗೆ ಯಾರೂ ನಡೆದು ಬಂದಿಲ್ಲ, ಅಲ್ಲಿಂದ ಯಾರೂ ಏನನ್ನೂ ಹೊತ್ತುಕೊಂಡು ಹೋಗಿಲ್ಲ. ಏರಿ, ಕೋಡಿ, ತೂಬು, ಗಾಡಿಜಾಡು ಇವೆಲ್ಲ ಬಾಳುವೆಯ ಗುರುತುಗಳು. ಅವು ಯಾವುದೂ ಇಲ್ಲದಿರುವುದೇ ಆ ಗುಳಿಯ ಗುರುತು.

ಪಕ್ಕದ ಭದ್ರಾವತಿಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಕಾಡಿನ ಸೌದೆಯ ಇದ್ದಿಲಿನಿಂದ ಅದಿರನ್ನು ಕರಗಿಸುತ್ತಿದ್ದುದು ಅದರ ವಿಶೇಷ. ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಗಳ ಕೆಮ್ಮಣ್ಣುಗುಂಡಿಯಿಂದ. ಅಲ್ಲಿ ಬೆಟ್ಟವನ್ನು ಅಗೆದ ಗಾಯಗಳು ಬಾಂಬಿನ ಗುಳಿಗಳಿಗಿಂತ ಎಷ್ಟೋ ದೊಡ್ಡವು. ಆದರೆ ಅವು ಹಂತ ಹಂತವಾಗಿ, ದಾರಿ ದಾರಿಯಾಗಿ, ದಿನಗೂಲಿಯ ಲೆಕ್ಕದಲ್ಲಿ ಆದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಎಸ್ಸೆನ್ ಮುಂತಾದ ಉಕ್ಕಿನ ಊರುಗಳು ವಿಮಾನಗಳ ಮೊದಲ ಗುರಿಗಳಾಗಿದ್ದವು. ಕುಲುಮೆಯ ಹೊಗೆಗೊಳವೆಯೇ ವೈರಿಗೆ ಕೈಸನ್ನೆ. ಭಾರತದ ಪೂರ್ವ ತೀರದಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಬಾಂಬು ಹಾಕಿದವು. ಆ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ಸರದಿ. ಭದ್ರಾವತಿ ಬಹು ದೂರದಲ್ಲಿತ್ತು. ಅದರ ಕುಲುಮೆಗಳು ಹೊಗೆಯಾಡುತ್ತಲೇ ಇದ್ದವು, ಭದ್ರೆಯ ದಡದ ಮಣ್ಣಿನಲ್ಲಿ ಯಾವ ಸಾವೂ ಹುಗಿದು ಕುಳಿತುಕೊಳ್ಳಲಿಲ್ಲ. ಮನೆಯ ಪಾಯ ತೆಗೆಯುವಾಗ ಅಲ್ಲಿಯ ಜನ ಕಲ್ಲು ಸಿಕ್ಕೀತೆಂದು ಯೋಚಿಸುತ್ತಾರೆ, ಬೇರೇನೂ ಅಲ್ಲ.

ಗುಳಿ ಬೇಗ ಮುಚ್ಚಿಹೋಗುತ್ತದೆಂಬುದಕ್ಕೆ ಕನ್ನಡ ನಾಡಿನ ಮಗ್ಗುಲಲ್ಲಿಯೇ ಒಂದು ನಿದರ್ಶನವಿದೆ. 1961ರ ಡಿಸೆಂಬರ್ 18ರಂದು ಗೋವೆಯನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆ ಮೊದಲಾಯಿತು. ಬೆಳಗಾವಿಯ ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೊಲಿಮ್ಮಿನ ನಿಸ್ತಂತು ಕೇಂದ್ರವನ್ನು ಹೊಡೆದವು. ಪುಣೆಯಿಂದ ಬಂದ ಕ್ಯಾನ್‌ಬೆರಾಗಳು ದಾಬೋಲಿಮ್ಮಿನ ಓಡುದಾರಿಯ ಮೇಲೆ ಬಾಂಬು ಹಾಕಿದವು. ಆ ರಾತ್ರಿಯೇ ಪೋರ್ಚುಗೀಸರು ಓಡುದಾರಿಯನ್ನು ತಕ್ಕಮಟ್ಟಿಗೆ ಸರಿಪಡಿಸಿಕೊಂಡರು. ಕತ್ತಲೆಯಲ್ಲಿ ಎರಡು ವಿಮಾನಗಳು ಅಲ್ಲಿಂದ ಎದ್ದು ಕರಾಚಿಗೆ ಪಾರಾದವು. ಬೆಳಿಗ್ಗೆ ಇದ್ದ ಗುಳಿ ಮರುದಿನ ಇಲ್ಲ. ಆದ್ದರಿಂದ ಬಾಂಬು ಬಿದ್ದ ಕೂಡಲೇ ತೆಗೆದ ಚಿತ್ರಕ್ಕೆ ಬೆಲೆ ಹೆಚ್ಚು.

ಅಂಥ ಚಿತ್ರಗಳನ್ನು ಬ್ರಿಟಿಷರೂ ಅಮೆರಿಕನ್ನರೂ ಲಕ್ಷಗಟ್ಟಲೆ ತೆಗೆದಿದ್ದರು. ಹಾಕಿದ ಬಾಂಬು ಗುರಿ ಮುಟ್ಟಿತೋ ಇಲ್ಲವೋ, ಇನ್ನೊಮ್ಮೆ ಹೋಗಬೇಕೋ ಬೇಡವೋ ಎಂದು ತಿಳಿಯುವುದೇ ಆಗ ಅವರ ಉದ್ದೇಶ. ಕೊಂದವರ ಕಡತ ಅದು. ದಶಕಗಳು ಕಳೆದ ಮೇಲೆ ಅದೇ ಕಡತವನ್ನು ಜರ್ಮನರು ಹಣ ಕೊಟ್ಟು ತರಿಸಿಕೊಂಡರು. ಏಕೆಂದರೆ ಅಲ್ಲಿ ಬಿದ್ದ ಬಾಂಬುಗಳಲ್ಲಿ ಹತ್ತರಲ್ಲಿ ಒಂದಾದರೂ ಸಿಡಿದಿರಲಿಲ್ಲ. ಜರ್ಮನಿಯ ಹಲವು ಪ್ರಾಂತ್ಯಗಳಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುವ ಮುನ್ನ ಆ ಹಳೆಯ ಚಿತ್ರಗಳನ್ನು ಪರೀಕ್ಷಿಸಬೇಕೆಂಬ ಕಟ್ಟಳೆಯುಂಟು. ಈಗಲೂ ಆ ದೇಶದ ನೆಲದಿಂದ ವರ್ಷವೊಂದಕ್ಕೆ ಸಾವಿರಾರು ಬಾಂಬು ಗುಂಡುಗಳನ್ನು ಎತ್ತುತ್ತಾರೆ. 2011ರ ಡಿಸೆಂಬರಿನಲ್ಲಿ ರೈನ್ ನದಿ ಬತ್ತಿದಾಗ ಕೋಬ್ಲೆನ್ಸ್ ನಗರದ ಬಳಿ ದೊಡ್ಡದೊಂದು ಬಾಂಬು ತಲೆಯೆತ್ತಿತು. ಸುಮಾರು 45,000 ಜನ ಮನೆ ಬಿಟ್ಟು ಹೊರಡಬೇಕಾಯಿತು. ಅದಕ್ಕೆ ಹಿಂದಿನ ವರ್ಷ, 2010ರ ಜೂನ್ 1ರಂದು, ಗೆಟ್ಟಿಂಗೆನ್ ಎಂಬಲ್ಲಿ ಬಾಂಬನ್ನು ನಿಷ್ಕ್ರಿಯಗೊಳಿಸಲು ಸಿದ್ಧರಾಗುತ್ತಿದ್ದ ಮೂವರು ನುರಿತ ಕೆಲಸಗಾರರು ಅದು ಸಿಡಿದು ಸತ್ತರು. ಯುದ್ಧ ಮುಗಿದು ಅರುವತ್ತೈದು ವರ್ಷಗಳಾಗಿದ್ದವು.

ಬರ್ಲಿನ್ನಿನ ಉತ್ತರಕ್ಕಿರುವ ಓರಾನಿಯೆನ್‌ಬುರ್ಗ್ ಎಂಬ ಊರಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಯುರೇನಿಯಂ ಸಂಸ್ಕರಿಸುವ ಕಾರ್ಖಾನೆಯಿತ್ತು. 1945ರ ಮಾರ್ಚ್ 15ರಂದು ಅಮೆರಿಕದ ವಿಮಾನಗಳು ಅದರ ಮೇಲೆ ಬಾಂಬುಗಳ ಮಳೆಗರೆದವು. ಅವುಗಳಲ್ಲಿ ಬಹಳಷ್ಟು ತಡವಾಗಿ ಸಿಡಿಯುವಂಥವು. ಬಾಂಬಿನ ಬಾಲದಲ್ಲಿ ಒಂದು ಗಾಜಿನ ಕುಪ್ಪಿ, ಅದರಲ್ಲಿ ಅಸಿಟೋನ್ ಎಂಬ ದ್ರವ. ಬಾಂಬು ಬೀಳುವಾಗ ಕುಪ್ಪಿ ಒಡೆದು, ದ್ರವವು ಕೆಳಗಿಳಿದು ಸೆಲ್ಯುಲಾಯ್ಡಿನ ತೆಳು ಬಿಲ್ಲೆಗಳನ್ನು ಮೆಲ್ಲಗೆ ಕರಗಿಸುತ್ತದೆ. ಬಿಲ್ಲೆ ಕರಗಿದೊಡನೆ ಅದು ತಡೆದು ಹಿಡಿದಿದ್ದ ಸೂಜಿ ಚಿಮ್ಮಿ ಬಾಂಬು ಸಿಡಿಯುತ್ತದೆ. ಆದರೆ ಆ ಊರಿನ ಮಣ್ಣು ಮೇಲೆ ಮರಳು, ಕೆಳಗೆ ಗಟ್ಟಿ ಪದರ. ಮರಳನ್ನು ಹೊಕ್ಕ ಬಾಂಬು ಗಟ್ಟಿ ಪದರಕ್ಕೆ ತಾಗಿ, ಮೂತಿ ಮೇಲಾಗಿ ತಿರುಗಿ ನಿಂತುಬಿಟ್ಟಿತು. ದ್ರವ ಬಿಲ್ಲೆಯ ಕಡೆಗೆ ಇಳಿಯದೆ ಬೇರೆ ಕಡೆ ಇಳಿಯಿತು. ಬಿಲ್ಲೆ ಮಾತ್ರ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಜೀರ್ಣವಾಗುತ್ತ ಬಂತು. ಕಾಲ ಕಳೆದಂತೆ ಅಪಾಯ ಕಡಿಮೆಯಾಗುತ್ತದೆಂದು ಎಲ್ಲರೂ ತಿಳಿಯುತ್ತಾರೆ. ಇಲ್ಲಿ ಕಾಲ ಕಳೆದಂತೆ ಅದು ಹೆಚ್ಚುತ್ತದೆ. ಮಸೂರದ ಕೆಳಗೆ ಕೂದಲೆಳೆಯಷ್ಟು ಕಪ್ಪು ಚುಕ್ಕೆಯನ್ನು ಹುಡುಕುವವನ ಕೆಲಸಕ್ಕೆ ಅವಸರ ಬಂದದ್ದು ಹೀಗೆ.

ಶ್ರೀಮಂತ ದೇಶಗಳಿಗೆ ಚಿತ್ರವೂ ಉಂಟು, ಹುಡುಕುವ ಯಂತ್ರವೂ ಉಂಟು. ಲಾವೋಸಿನಂಥ ಬಡ ದೇಶದ ಪಾಡೇ ಬೇರೆ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ಸಣ್ಣ ನಾಡಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಸುರಿದವು. ದೊಡ್ಡ ಕೋಶವೊಂದು ಗಾಳಿಯಲ್ಲಿ ಬಿಚ್ಚಿಕೊಂಡು ನೂರಾರು ಮರಿಬಾಂಬುಗಳನ್ನು ಚೆಲ್ಲುವ ಬಗೆಯೂ ಅವುಗಳಲ್ಲಿತ್ತು. ಹಾಗೆ ಚೆಲ್ಲಿದ ಮರಿಗಳು 27 ಕೋಟಿಯೆಂದೂ, ಸಿಡಿಯದೆ ಉಳಿದವು ಸುಮಾರು 8 ಕೋಟಿಯೆಂದೂ ಅಂದಾಜು. ಯುದ್ಧ ನಿಂತ ಮೇಲೆ ಅವುಗಳಿಂದ ಸತ್ತವರೂ ಅಂಗಹೀನರಾದವರೂ 20,000ಕ್ಕೂ ಹೆಚ್ಚು.

ಇತ್ತೀಚೆಗೆ ಆ ಭಾಗದ ನೆಲವನ್ನು ಓದಲು ಹೊಸ ದಾರಿ ತೆರೆದಿದೆ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಗೂಢಚಾರ ಉಪಗ್ರಹಗಳು ತೆಗೆದ ಚಿತ್ರಗಳ ಮುಸುಕು 1995ರಿಂದೀಚೆಗೆ ಕಂತು ಕಂತಾಗಿ ತೆರೆಯಿತು. 2024ರಲ್ಲಿ ಎಡಿನ್‌ಬರೋದ ಸಂಶೋಧಕರು ಗಣಕಯಂತ್ರದ ನೆರವಿನಿಂದ ಅಂಥ ಚಿತ್ರಗಳನ್ನು ಶೋಧಿಸಿ, ವಿಯೆಟ್ನಾಮಿನ ಕ್ವಾಂಗ್ ತ್ರಿ ಪ್ರಾಂತ್ಯ ಹಾಗೂ ಮೂರು ದೇಶಗಳು ಕೂಡುವ ಗಡಿಪ್ರದೇಶಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಗುಳಿಗಳನ್ನು ಗುರುತಿಸಿದರು. ಅದಕ್ಕೂ ಮುಂಚೆ 2020ರಲ್ಲಿ, ಕಾಂಬೋಡಿಯಾದ ಕಾಂಪೊಂಗ್ ತ್ರಾಬೆಕ್ ಎಂಬ ಪ್ರದೇಶದಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಇಂಥದೇ ಪ್ರಯೋಗ ಮಾಡಿದ್ದರು. ಅವರು ಆರಂಭಕ್ಕೆ ಬಳಸಿದ ವಿಧಾನ ಚಂದ್ರ ಮತ್ತು ಗ್ರಹಗಳ ಮೇಲಿನ ಉಲ್ಕಾಕುಳಿಗಳನ್ನು ಎಣಿಸಲು ಹೊಸೆದದ್ದು! ಅಲ್ಲಿದ್ದ 177 ಗುಳಿಗಳಲ್ಲಿ 152ನ್ನು ಯಂತ್ರ ಕಂಡುಹಿಡಿಯಿತು. ಹಾಕಿದ ಬಾಂಬುಗಳ ಸೇನಾ ಲೆಕ್ಕವನ್ನು ಗುಳಿಗಳ ಲೆಕ್ಕದೊಡನೆ ಹೋಲಿಸಿದಾಗ, ಆ ನೆಲದ ಬಾಂಬುಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಸಿಡಿಯದೆಯೇ ಉಳಿದಿರಬಹುದೆಂದು ತೋರಿತು.

ಇದಕ್ಕೆ ಅವರು ಕಂಡ ಕಾರಣವನ್ನು ಗದ್ದೆಯಲ್ಲಿ ಕಾಲಿಟ್ಟ ಯಾರಾದರೂ ಅರ್ಥಮಾಡಿಕೊಳ್ಳಬಲ್ಲರು. ಬಾಂಬು ಸಿಡಿಯಬೇಕಾದರೆ ಅದರ ಮೂತಿಗೆ ಗಟ್ಟಿಯಾದ ಪೆಟ್ಟು ತಗುಲಬೇಕು. ಬರಡು ನೆಲ ಗಟ್ಟಿ. ಅಲ್ಲಿ ಬಿದ್ದದ್ದು ಸಿಡಿಯಿತು. ಫಲವತ್ತಾದ ಗದ್ದೆಯ ಮಣ್ಣು ಮೃದು, ತೇವ. ಅಲ್ಲಿ ಬಿದ್ದದ್ದು ಕೆಸರಿನಲ್ಲಿ ಮೆತ್ತಗೆ ಮುಳುಗಿ ಮಲಗಿತು. ಹೀಗಾಗಿ ಒಳ್ಳೆಯ ನೆಲದಲ್ಲಿಯೇ ಅಪಾಯ ಹೆಚ್ಚು ಉಳಿದಿದೆ. ಅಲ್ಲಿಯ ರೈತರು ತಮ್ಮ ಹೊಲದ ಅತ್ಯುತ್ತಮ ಭಾಗವನ್ನು ಉಳಲು ಅಂಜಿ, ಕೈಲಾದಷ್ಟು ಕಡಿಮೆ ನೆಲದಲ್ಲಿ, ಮೇಲುಮೇಲಕ್ಕೆ ಕೆರೆದು ಬೇಸಾಯ ಮಾಡುತ್ತಾರೆ. ಸಾರವಾದ ಮಣ್ಣು ಕಣ್ಣೆದುರಿಗೇ ಇದ್ದು ನೇಗಿಲು ಊರಲಾಗದ ಸಂಕಟವನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡುವುದಿಲ್ಲ.

ಲಾವೋಸಿನ ಶಿಯೆಂಗ್ ಖುವಾಂಗ್ ಪ್ರಾಂತ್ಯದಲ್ಲಿ ದೊಡ್ಡ ಗುಳಿಗಳು ನೀರು ತುಂಬಿ ಹೊಂಡಗಳಾಗಿವೆ. ಹಳ್ಳಿಯವರು ಅವುಗಳಲ್ಲಿ ಮೀನು ಸಾಕುತ್ತಾರೆ. ಏರಿ ತೂಬುಗಳಿಲ್ಲದ ಆ ದುಂಡು ಹೊಂಡಗಳು ಮೇಲಿನಿಂದ ನೋಡಿದರೆ ಇಂದಿಗೂ ಸಾಲಾಗಿಯೇ ಕಾಣುತ್ತವೆ. ಗುಳಿಯಾದ ಜಾಗದ ಬಗ್ಗೆ ಅವರಿಗೆ ಅಷ್ಟಾಗಿ ಭಯವಿಲ್ಲ. ಅಲ್ಲಿ ಬಿದ್ದದ್ದು ಎಂದೋ ಸಿಡಿದು ಮುಗಿದಿದೆ. ಭಯವೆಲ್ಲ ಗುಳಿಯಿಲ್ಲದ ಸಮತಟ್ಟಾದ ಗದ್ದೆಯದು. ಮರಿಬಾಂಬು ಚೆಂಡಿನಷ್ಟು ಗಾತ್ರದ ಗುಂಡು. ಅಲ್ಲಿಯ ಜನ ಅದನ್ನು ‘ಬೊಂಬಿ’ ಎನ್ನುತ್ತಾರೆ. ಅದು ಯಾವ ಉಪಗ್ರಹದ ಚಿತ್ರದಲ್ಲಿಯೂ ಕಾಣುವುದಿಲ್ಲ. ಆಟದ ಸಾಮಾನೆಂದು ತಿಳಿದು ಮಕ್ಕಳು ಅದನ್ನು ಎತ್ತಿಕೊಂಡದ್ದುಂಟು.

ಆದುದರಿಂದ ಚಿತ್ರ ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮನುಷ್ಯರೇ ನೆಲಕ್ಕಿಳಿಯುತ್ತಾರೆ. ಗುಳಿಗಳ ಸಾಲು ಎಲ್ಲಿ ಹಾದುಹೋಗಿದೆಯೆಂದು ನಕ್ಷೆಯಲ್ಲಿ ನೋಡಿಕೊಂಡು, ಗದ್ದೆಯನ್ನು ಹಗ್ಗ ಕಟ್ಟಿ ಪಟ್ಟೆಗಳಾಗಿ ವಿಂಗಡಿಸಿ, ಲೋಹಶೋಧಕವನ್ನು ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಾರೆ. ಈ ಕೆಲಸದಲ್ಲಿ ಹಳ್ಳಿಯ ಹೆಂಗಸರದೇ ತಂಡಗಳಿವೆ. ಯಂತ್ರ ಕೂಗಿದ ಕಡೆ ಮಂಡಿಯೂರಿ ಕುಳಿತು ಮಣ್ಣನ್ನು ಕೈಯಿಂದ ಮೆಲ್ಲನೆ ಸರಿಸುತ್ತಾರೆ. ಹೆಚ್ಚಿನ ಸಲ ಸಿಗುವುದು ಬರಿಯ ತಗಡಿನ ಚೂರು, ಹಳೆಯ ಮೊಳೆ. ಬೊಂಬಿಯೇ ಸಿಕ್ಕಿದರೆ ಗುರುತಿನ ಕೋಲು ನೆಟ್ಟು ಹಿಂದೆ ಸರಿಯುತ್ತಾರೆ. ಸಂಜೆ ಎಲ್ಲರನ್ನೂ ದೂರ ಕಳುಹಿಸಿ ಅದನ್ನು ಅಲ್ಲಿಯೇ ಸಿಡಿಸುತ್ತಾರೆ. ಒಂದು ಪಟ್ಟೆ ಮುಗಿದ ಮೇಲೆ ಹಗ್ಗ ಪಕ್ಕಕ್ಕೆ ಜರುಗುತ್ತದೆ. ಮುಗಿದ ಪಟ್ಟೆಯಲ್ಲಿ ಮುಂದಿನ ಮಳೆಗೆ ಭತ್ತದ ನಾಟಿ ನಡೆಯುತ್ತದೆ.